ಎತ್ತಿಕೊಂಡು ಓಡುವ ಮೊದಲು

ಪ್ರಶ್ನೆ: ನಾನು ಚಿತ್ರದುರ್ಗ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿ. ಕಳೆದ ತಿಂಗಳು ಬೆಳಗಿನ ಪ್ರಾರ್ಥನೆಯ ವೇಳೆ ಎಂಟನೆಯ ತರಗತಿಯ ಹುಡುಗಿಯೊಬ್ಬಳು ದೊಪ್ಪನೆ ಬಿದ್ದಳು. ನಾಲ್ಕು ಜನ ಸೇರಿ ಎತ್ತಿಕೊಂಡು ಸ್ಟಾಫ್ ರೂಮಿಗೆ ಓಡಿದೆವು. ಕುರ್ಚಿಯಲ್ಲಿ ಕೂರಿಸಿ, ನೀರು ಚಿಮುಕಿಸಿ, ಈರುಳ್ಳಿ ಮೂಸಿಸಿ, ಆಟೋ ಹಿಡಿದು ಆಸ್ಪತ್ರೆಗೆ ಕರೆದೊಯ್ದೆವು. ಬೆಳಿಗ್ಗೆ ತಿಂಡಿ ತಿಂದಿರಲಿಲ್ಲ, ಬೇರೇನೂ ತೊಂದರೆಯಿಲ್ಲ ಎಂದರು ವೈದ್ಯರು. ಆದರೆ ಅದು ಹೃದಯದ ತೊಂದರೆಯೇ ಆಗಿದ್ದರೆ? ನಮ್ಮ ಶಾಲೆಯಿಂದ ಇಬ್ಬರನ್ನು ಪ್ರಥಮ ಚಿಕಿತ್ಸೆಯ ಒಂದು ದಿನದ ತರಬೇತಿಗೆ ಕಳುಹಿಸಲು ಹೇಳಿದ್ದಾರೆ. ಅಷ್ಟು ಸಾಕೇ? ಎದೆ ಒತ್ತುವಾಗ ಮೂಳೆ ಮುರಿದರೆ ಹೊಣೆ ಯಾರು? ಬಿದ್ದವಳು ಹುಡುಗಿ, ಪಕ್ಕದಲ್ಲಿರುವವರು ಮೇಷ್ಟ್ರಾದರೆ ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಸಿಕ್ಕಿಕೊಂಡದ್ದು ‘ಎತ್ತಿಕೊಂಡು ಓಡಿದೆವು’ ಎಂಬಲ್ಲಿ. ಅರಿವಳಿಕೆ ವೈದ್ಯವೃತ್ತಿಯ ಜೊತೆಗೆ ಹಲವು ವರ್ಷಗಳಿಂದ ಶಿಕ್ಷಕರಿಗೆ ಈ ತರಬೇತಿ ಕೊಡುತ್ತಿದ್ದೇನೆ. ಶಾಲೆಯಲ್ಲಿ ಏನೇ ಆಗಲಿ, ಹಾವು ಕಚ್ಚಲಿ, ಮೂರ್ಛೆ ಬರಲಿ, ಗಂಟಲಲ್ಲಿ ಏನೋ ಸಿಕ್ಕಲಿ, ನಮ್ಮವರ ಮೊದಲ ಕೆಲಸ ಮಗುವನ್ನು ಹೊತ್ತುಕೊಂಡು ಓಡುವುದು. ಪ್ರೀತಿಯಿಂದಲೇ ಓಡುತ್ತಾರೆ, ಅದರಲ್ಲಿ ಅನುಮಾನವಿಲ್ಲ. ಆದರೆ ನಿಂತ ಹೃದಯದ ವಿಷಯದಲ್ಲಿ ಆ ಓಟವೇ ಮಗುವಿನ ಸಮಯವನ್ನು ತಿಂದುಬಿಡುತ್ತದೆ. ಹೃದಯ ಹಠಾತ್ತನೆ ನಿಂತವರಿಗೆ ಎದೆ ಒತ್ತುವುದೂ ವಿದ್ಯುತ್ ಆಘಾತ ಕೊಡುವುದೂ ತಡವಾದಂತೆ, ಪ್ರತಿ ನಿಮಿಷಕ್ಕೆ ಬದುಕುಳಿಯುವ ಸಾಧ್ಯತೆ ಶೇ 7ರಿಂದ 10ರಷ್ಟು ಇಳಿಯುತ್ತದೆ. ಆಟೋ ಹುಡುಕಿ, ಹತ್ತಿಸಿ, ಹಳ್ಳಿಯ ರಸ್ತೆಯಲ್ಲಿ ಆಸ್ಪತ್ರೆ ಮುಟ್ಟಲು ನಿಮಗೆ ಎಷ್ಟು ಹೊತ್ತು ಹಿಡಿಯಿತು ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ. ಆಟೋದ ಸೀಟಿನ ಮೇಲೆ ಎದೆ ಒತ್ತಲು ಬರುವುದಿಲ್ಲ. ಮಾಡಬೇಕಾದದ್ದನ್ನು ಬಿದ್ದ ಜಾಗದಲ್ಲೇ ಮಾಡಬೇಕು, ಗಾಡಿ ಅಲ್ಲಿಗೆ ಬರಬೇಕು.

ನಿಮ್ಮ ಹುಡುಗಿಗೆ ಆದದ್ದು ಬಹುಮಟ್ಟಿಗೆ ಸಾಮಾನ್ಯ ಬವಳಿ. ಖಾಲಿ ಹೊಟ್ಟೆ, ಬಿಸಿಲು, ಅಲುಗಾಡದೆ ನಿಂತದ್ದು, ಇಷ್ಟು ಸಾಕು. ರಕ್ತ ಕಾಲುಗಳಲ್ಲಿ ಇಳಿದು ನಿಲ್ಲುತ್ತದೆ, ಮಿದುಳಿಗೆ ಕೆಲವು ಕ್ಷಣ ಕಡಿಮೆ ಬೀಳುತ್ತದೆ, ಮಗು ಬೀಳುತ್ತದೆ. ಬಿದ್ದದ್ದೇ ಅದಕ್ಕೆ ಮದ್ದು. ಮಲಗಿದೊಡನೆ ರಕ್ತ ಮಿದುಳಿಗೆ ಮರಳಿ, ಒಂದು ನಿಮಿಷದೊಳಗೆ ಕಣ್ಣು ಬಿಡುತ್ತದೆ. ನೀವು ಅವಳನ್ನು ಕುರ್ಚಿಯಲ್ಲಿ ಕೂರಿಸಿದಿರಿ. ಬವಳಿ ಬಂದವರನ್ನು ಕೂರಿಸುವುದೆಂದರೆ ಮಿದುಳಿಗೆ ಮರಳುತ್ತಿರುವ ರಕ್ತವನ್ನು ಮತ್ತೆ ಕೆಳಗಿಳಿಸಿದಂತೆ. ಅಲ್ಲೇ ಅಂಗಾತ ಮಲಗಿಸಿ, ಕಾಲುಗಳನ್ನು ಒಂದು ಚೀಲದ ಮೇಲೆ ಎತ್ತಿಡಿ, ಸುತ್ತ ನೆರೆದವರನ್ನು ಸರಿಸಿ. ಪೂರ್ತಿ ಎಚ್ಚರವಾಗುವ ಮೊದಲು ಬಾಯಿಗೆ ನೀರು ಬಿಡಬೇಡಿ, ಅದು ಶ್ವಾಸಕೋಶಕ್ಕೆ ಇಳಿಯಬಹುದು. ಈರುಳ್ಳಿ ಅಡುಗೆಮನೆಯಲ್ಲೇ ಇರಲಿ.

ಇಲ್ಲಿ ಒಂದು ಎಚ್ಚರಿಕೆ. ನಿಂತಲ್ಲಿ ಬೀಳುವ ಮಗು ಬೇರೆ, ಓಡುತ್ತಿರುವಾಗಲೇ ಬೀಳುವ ಮಗು ಬೇರೆ. ಕಬಡ್ಡಿಯ ನಡುವೆ, ಓಟದ ಅರ್ಧದಲ್ಲಿ ಎಚ್ಚರ ತಪ್ಪಿದ ಮಗು ಎರಡೇ ನಿಮಿಷದಲ್ಲಿ ಎದ್ದು ನಕ್ಕರೂ ಅದನ್ನು ‘ಬಿಸಿಲಿಗೆ’ ಎಂದು ಬರೆದು ಮುಗಿಸಬೇಡಿ. ಮನೆಯಲ್ಲಿ ಚಿಕ್ಕ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡವರು ಇದ್ದಾರೆಯೇ ಎಂದು ಹೆತ್ತವರನ್ನು ಕೇಳಿ, ಇಸಿಜಿ ಮಾಡಿಸಲು ಹೇಳಿ. ಹೃದಯದ ಸ್ನಾಯು ದಪ್ಪಗಾಗಿರುವ ಕಾಯಿಲೆ, ಹೃದಯ ಬಡಿತದ ವಿದ್ಯುತ್ ದೋಷಗಳು ಮೊದಲು ಸುಳಿವು ಕೊಡುವುದು ಹೀಗೆಯೇ.

ಬಿದ್ದ ಮಗುವಿನ ಹತ್ತಿರ ಹೋದಾಗ ಏನು ನೋಡಬೇಕು? ಎರಡು ಭುಜಗಳನ್ನೂ ತಟ್ಟಿ ಗಟ್ಟಿಯಾಗಿ ಹೆಸರು ಕೂಗಿ. ಉತ್ತರವಿಲ್ಲದಿದ್ದರೆ ಎದೆ, ಹೊಟ್ಟೆ ಏರಿಳಿಯುತ್ತಿದೆಯೇ ನೋಡಿ. ಹತ್ತು ಸೆಕೆಂಡು ಮೀರಬೇಡಿ. ನಾಡಿ ಹುಡುಕುತ್ತಾ ಕೂರಬೇಡಿ, ಗಾಬರಿಯಲ್ಲಿ ಸಿಗುವುದು ನಿಮ್ಮದೇ ಬೆರಳಿನ ನಾಡಿ. ಉಸಿರಾಡುತ್ತಿದ್ದರೆ ಅದು ಬವಳಿಯೋ ಮೂರ್ಛೆಯೋ (ಫಿಟ್ಸ್) ಇರಬಹುದು. ಬೇಗ ಎಚ್ಚರವಾಗದಿದ್ದರೆ ಒಂದು ಮಗ್ಗುಲಿಗೆ ಹೊರಳಿಸಿ. ಉಸಿರಿಲ್ಲದಿದ್ದರೆ ಹೃದಯ ನಿಂತಿದೆ ಎಂದೇ ತಿಳಿದು ಕೆಲಸ ಶುರುಮಾಡಿ.

ಎಲ್ಲರನ್ನೂ ಮೋಸಗೊಳಿಸುವ ದೃಶ್ಯವೊಂದಿದೆ. ಹೃದಯ ನಿಂತ ಮೇಲೂ ಕೆಲವರು ಒಂದೆರಡು ನಿಮಿಷ ಬಾಯಿ ತೆರೆದು, ದಡಕ್ಕೆ ಬಿದ್ದ ಮೀನಿನಂತೆ, ಆಗೊಮ್ಮೆ ಈಗೊಮ್ಮೆ ಗೊರಗೊರ ಎಳೆಯುತ್ತಾರೆ. ‘ಇಲ್ಲ ಇಲ್ಲ, ಉಸಿರಾಡುತ್ತಿದ್ದಾಳೆ’ ಎಂದು ಸುತ್ತಲಿನವರು ಸಮಾಧಾನಪಟ್ಟುಕೊಳ್ಳುತ್ತಾರೆ. ಅದು ಉಸಿರಾಟವಲ್ಲ. ಇನ್ನು ಕೆಲವರಲ್ಲಿ ಮೊದಲ ಕ್ಷಣಗಳಲ್ಲಿ ಕೈಕಾಲು ಅದುರುತ್ತವೆ. ಮೂರ್ಛೆರೋಗವೆಂದು ಯಾರೋ ಕೈಗೆ ಬೀಗದ ಕೈ ಹಿಡಿಸುತ್ತಾರೆ, ಇನ್ಯಾರೋ ಹಲ್ಲಿನ ನಡುವೆ ಚಮಚ ತುರುಕುತ್ತಾರೆ. ನಿಜವಾದ ಮೂರ್ಛೆಗೂ ಕಬ್ಬಿಣ, ಚಮಚ ಎರಡೂ ಬೇಡ. ಅದುರುವಿಕೆ ನಿಂತ ಮೇಲೆ ಉಸಿರು ಸರಾಗವಾಗಿ ಮರಳಿತೇ ಎಂದು ನೋಡಿ. ಮರಳದಿದ್ದರೆ ಎದೆಗೆ ಕೈ ಹಾಕಿ.

ಇನ್ನು ಸಿಪಿಆರ್, ಅಂದರೆ ನಿಂತ ಹೃದಯದ ಕೆಲಸವನ್ನು ಎದೆ ಒತ್ತಿ, ಉಸಿರು ಕೊಟ್ಟು ನಾವೇ ನಡೆಸುವುದು. ಈ ಮೂರಕ್ಷರ ಹೇಳಿದೊಡನೆ ನನ್ನ ತರಗತಿಗಳಲ್ಲಿ ಹಿಂದಿನ ಸಾಲು ನೆಟ್ಟಗೆ ಕೂರುವುದುಂಟು. ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿ, ಬಂದರೇನೋ ಎಂದು! ನಗು ಮುಗಿದ ಮೇಲೆ ಎಲ್ಲರನ್ನೂ ನೆಲದ ಮೇಲೆ ಮಂಡಿಯೂರಿಸುತ್ತೇನೆ. ಮಂಚ, ಬೆಂಚು ಬೇಡ, ಗಟ್ಟಿ ನೆಲವೇ ಬೇಕು. ಎದೆಯ ನಡುಮೂಳೆಯ ಕೆಳ ಅರ್ಧದ ಮೇಲೆ ಅಂಗೈಯ ಬುಡ, ಅದರ ಮೇಲೆ ಇನ್ನೊಂದು ಕೈ. ಮೊಣಕೈ ಮಡಿಸದೆ, ಭುಜ ನೇರ ಎದೆಯ ಮೇಲೆ ಬರುವಂತೆ ಬಾಗಿ, ಮೈಭಾರದಿಂದ ಒತ್ತಬೇಕು. ಪ್ರೌಢಶಾಲೆಯ ಮಕ್ಕಳಿಗೆ ದೊಡ್ಡವರ ಲೆಕ್ಕವೇ: 5ರಿಂದ 6 ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಬಾರಿ. ಚಿಕ್ಕ ಮಕ್ಕಳಿಗೆ ಎದೆಯ ದಪ್ಪದ ಮೂರನೆಯ ಒಂದು ಭಾಗ, ಸುಮಾರು 5 ಸೆಂಟಿಮೀಟರ್. ಮಗು ತೀರಾ ಸಣ್ಣದಾದರೆ ಒಂದೇ ಕೈ ಸಾಕು. ಪ್ರತಿ ಸಲ ಒತ್ತಿದ ಮೇಲೂ ಎದೆ ಪೂರ್ತಿ ಮೇಲೇಳಲು ಬಿಡಬೇಕು, ಹೃದಯ ಮತ್ತೆ ತುಂಬಿಕೊಳ್ಳುವುದು ಆ ಬಿಡುವಿನಲ್ಲಿ. ಹೊಸಬರು ತಪ್ಪುವುದೂ ಇಲ್ಲೇ, ಒತ್ತುವುದರಲ್ಲಿ ಮುಳುಗಿ ಬಿಡುವುದನ್ನು ಮರೆಯುತ್ತಾರೆ.

ವೇಗ ಕಲಿಸಲು ನಾನು ಮೊಬೈಲ್ ಆ್ಯಪ್ ಬಳಸುವುದಿಲ್ಲ. ನಿಮ್ಮ ದೈಹಿಕ ಶಿಕ್ಷಣ ಶಿಕ್ಷಕರನ್ನು ಕರೆಯಿರಿ. ಸ್ವಾತಂತ್ರ್ಯ ದಿನಾಚರಣೆಯ ಕವಾಯತಿಗೆ ಅವರು ಡ್ರಮ್ಮಿನಲ್ಲಿ ಬಾರಿಸುವ ತೀವ್ರ ನಡಿಗೆಯ ‘ಎಡ-ಬಲ, ಎಡ-ಬಲ’ ಹೆಚ್ಚುಕಡಿಮೆ ಇದೇ ವೇಗದ್ದು. ಒಮ್ಮೆ ತಾಲ್ಲೂಕು ಕೇಂದ್ರದ ತರಬೇತಿಯಲ್ಲಿ ಅಂಥ ಒಬ್ಬ ಮೇಷ್ಟ್ರು, ಎದೆ ಒತ್ತಿ ಕಲಿಯಲೆಂದೇ ಇರುವ ಗೊಂಬೆಯ ಪಕ್ಕದಲ್ಲಿ ಸ್ಟೀಲ್ ತಟ್ಟೆ ಬಾರಿಸುತ್ತಾ ನಿಂತರು. ನಿವೃತ್ತಿಯ ಅಂಚಿನಲ್ಲಿದ್ದ ಮುಖ್ಯೋಪಾಧ್ಯಾಯರೊಬ್ಬರು ಕೈಗಡಿಯಾರ ಬಿಚ್ಚಿಟ್ಟು ಮುಂದೆ ಬಂದರು. ಮೊದಲ ಇಪ್ಪತ್ತು ಒತ್ತಡ ಗೊಂಬೆಯೊಳಗಿನ ಸ್ಪ್ರಿಂಗು ‘ಟಿಕ್’ ಎನ್ನುವಂತೆ, ಅಂದರೆ ಬೇಕಾದಷ್ಟು ಆಳಕ್ಕೆ, ಬಂತು. ನಲವತ್ತನೆಯ ಸೆಕೆಂಡಿಗೆ ಟಿಕ್ ನಿಂತಿತು. ಅವರು ಮಾತ್ರ ಒತ್ತುತ್ತಲೇ ಇದ್ದರು, ಬೆವರು ಗೊಂಬೆಯ ಎದೆಯ ಮೇಲೆ ತೊಟ್ಟಿಕ್ಕುತ್ತಿತ್ತು. ‘ಸಾರ್, ಶಬ್ದ ಬರುತ್ತಿಲ್ಲ’ ಎಂದರು ಯಾರೋ. ಅವರು ತಲೆಯೆತ್ತಿ, ‘ಬರುತ್ತಿದೆ ಎಂದುಕೊಂಡೇ ಒತ್ತುತ್ತಿದ್ದೆ’ ಎಂದರು. ಎರಡು ನಿಮಿಷಕ್ಕೊಮ್ಮೆ ಆಳು ಬದಲಾಯಿಸಬೇಕು ಎಂಬ ನಿಯಮವನ್ನು ಆ ದಿನ ನಾನು ಬೋರ್ಡಿನ ಮೇಲೆ ಬರೆಯಬೇಕಾಗಲಿಲ್ಲ.

ಉಸಿರು ಕೊಡಬೇಕೇ ಬೇಡವೇ ಎಂಬಲ್ಲಿ ತರಬೇತುದಾರರ ನಡುವೆಯೇ ಗೊಂದಲವಿದೆ. ಭಾರತೀಯ ಅರಿವಳಿಕೆ ತಜ್ಞರ ಸಂಘ 2017ರಲ್ಲಿ ಜನಸಾಮಾನ್ಯರಿಗಾಗಿ ಎದೆ ಒತ್ತುವುದನ್ನಷ್ಟೇ ಕಲಿಸುವ ‘ಕೋಲ್ಸ್’ ವಿಧಾನವನ್ನು ಪ್ರಕಟಿಸಿತು. ಬೀದಿಯಲ್ಲಿ ಕುಸಿದು ಬಿದ್ದ ವಯಸ್ಕರಿಗೆ ಅದು ಬಹಳ ಒಳ್ಳೆಯದು, ಸರಳವಾದದ್ದು. ಬಾಯಿಗೆ ಬಾಯಿ ಇಡಬೇಕು ಎಂಬ ಹಿಂಜರಿಕೆಯಿಂದ ಏನೂ ಮಾಡದೆ ನಿಲ್ಲುವವರು ಅದರಿಂದ ಕಡಿಮೆಯಾಗುತ್ತಾರೆ. ಆದರೆ ಶಿಕ್ಷಕರಿಗೆ ಅದನ್ನೊಂದೇ ಕಲಿಸಿ ಕಳುಹಿಸುವುದನ್ನು ನಾನು ಒಪ್ಪುವುದಿಲ್ಲ. ವಯಸ್ಕರಲ್ಲಿ ಹೆಚ್ಚಾಗಿ ಹೃದಯ ಮೊದಲು ನಿಲ್ಲುತ್ತದೆ; ರಕ್ತದಲ್ಲಿ ಇನ್ನೂ ಆಮ್ಲಜನಕ ಇರುತ್ತದೆ, ಅದನ್ನು ತಳ್ಳಿದರೆ ಕೆಲವು ನಿಮಿಷಕ್ಕೆ ಸಾಕು. ಮಕ್ಕಳಲ್ಲಿ ಹೆಚ್ಚಾಗಿ ಉಸಿರು ಮೊದಲು ನಿಲ್ಲುತ್ತದೆ. ಕೆರೆಯಲ್ಲಿ, ಕೃಷಿ ಹೊಂಡದಲ್ಲಿ ಮುಳುಗುವುದು, ಗಂಟಲಲ್ಲಿ ಸಿಕ್ಕಿಕೊಳ್ಳುವುದು, ತೀವ್ರ ಆಸ್ತಮಾ, ನಾಗರಹಾವಿನ ಅಥವಾ ಕಟ್ಟುಹಾವಿನ ವಿಷ, ಎಲ್ಲದರಲ್ಲೂ ಹೀಗೆಯೇ. ಆಮ್ಲಜನಕ ಮುಗಿದುಹೋದ ರಕ್ತವನ್ನು ಎಷ್ಟು ತಳ್ಳಿದರೂ ಪ್ರಯೋಜನ ಕಡಿಮೆ. ಆದ್ದರಿಂದ ಮಕ್ಕಳಿಗೆ 30 ಒತ್ತಡ, 2 ಉಸಿರು. ಹಣೆ ಹಿಂದಕ್ಕೆ ಬಾಗಿಸಿ, ಗಲ್ಲ ಮೇಲೆತ್ತಿ, ಮೂಗು ಹಿಡಿದು, ಎದೆ ಕಣ್ಣಿಗೆ ಕಾಣುವಷ್ಟು ಏಳುವಂತೆ ಒಂದು ಸೆಕೆಂಡಿನ ಉಸಿರು. ನೀರಿನಿಂದ ಎತ್ತಿದ ಮಗುವಿಗಂತೂ ಮೊದಲು ಉಸಿರು, ಆಮೇಲೆ ಒತ್ತಡ. ಹೊಟ್ಟೆ ಅಮುಕಿ ನೀರು ಕಕ್ಕಿಸುವುದು, ತಲೆಕೆಳಗು ಮಾಡಿ ತಿರುಗಿಸುವುದು ಬೇಡವೇ ಬೇಡ. ಉಸಿರು ಕೊಡಲು ಮನಸ್ಸು ಒಪ್ಪದಿದ್ದರೆ ಒತ್ತುವುದನ್ನಾದರೂ ನಿಲ್ಲಿಸಬೇಡಿ.

2024ರ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲಿನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ತೀರಿಕೊಂಡರು. ಅದಾದ ಮೇಲೆ ನನ್ನ ತರಗತಿಗಳಲ್ಲಿ ಪ್ರವಾಸದ ಹೊಣೆ ಹೊತ್ತ ಶಿಕ್ಷಕರನ್ನು ಮುಂದಿನ ಸಾಲಿನಲ್ಲಿ ಕೂರಿಸುತ್ತೇನೆ.

ಗಂಟಲಲ್ಲಿ ಸಿಕ್ಕಿಕೊಳ್ಳುವುದಕ್ಕೆ ಬಿಸಿಯೂಟದ ಹೊತ್ತಿನಲ್ಲಿ ಎಚ್ಚರವಿರಬೇಕು: ಅವಸರದಲ್ಲಿ ನುಂಗಿದ ಮೊಟ್ಟೆ, ಚಿಕ್ಕಿಯ ತುಂಡು, ಹುಣಸೆ ಬೀಜ. ಮಗು ಕೆಮ್ಮುತ್ತಿದ್ದರೆ ಕೆಮ್ಮಲಿ, ಬೆನ್ನು ಗುದ್ದಬೇಡಿ. ಕೆಮ್ಮು ನಿಂತು, ಮಾತು ನಿಂತು, ಕೈ ಗಂಟಲಿಗೆ ಹೋದರೆ ಮುಂದಕ್ಕೆ ಬಾಗಿಸಿ, ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ ಐದು ಪೆಟ್ಟು. ಹೊರಬರದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳ ಮತ್ತು ಎದೆಗೂಡಿನ ನಡುವೆ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ ಐದು ಸಲ ಎಳೆಯಿರಿ. ಇವೆರಡನ್ನೂ ಒಂದಾದ ಮೇಲೊಂದು ಮುಂದುವರಿಸಿ. ಎಚ್ಚರ ತಪ್ಪಿದರೆ ನೆಲಕ್ಕೆ ಮಲಗಿಸಿ ಸಿಪಿಆರ್. ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳಾಡಿಸಿದರೆ ಅದು ಇನ್ನೂ ಒಳಗೆ ಹೋಗುತ್ತದೆ.

ಹಾವಿನ ವಿಷಯದಲ್ಲಿ ಮಾತ್ರ ನನ್ನ ‘ಅಲ್ಲೇ ಇರಿ’ ಎಂಬ ಪಾಠ ಸ್ವಲ್ಪ ತಿರುಗುತ್ತದೆ. 2019ರ ನವೆಂಬರಿನಲ್ಲಿ ವಯನಾಡಿನ ಸುಲ್ತಾನ್ ಬತ್ತೇರಿಯ ಶಾಲೆಯೊಂದರ ತರಗತಿಯಲ್ಲೇ, ನೆಲದ ಬಿಲದಿಂದ ಬಂದ ಹಾವು ಐದನೆಯ ತರಗತಿಯ ಬಾಲಕಿಗೆ ಕಚ್ಚಿತು. ಆಸ್ಪತ್ರೆಗೆ ಒಯ್ಯುವುದು ತಡವಾಯಿತು, ಮಗು ಉಳಿಯಲಿಲ್ಲ. ಹಾವಿನ ವಿಷಕ್ಕೆ ಮದ್ದು ಆಸ್ಪತ್ರೆಯಲ್ಲೇ ಇರುವುದರಿಂದ ಇಲ್ಲಿ ಹೊರಡಬೇಕು. ಆದರೆ ಮಗುವನ್ನು ನಡೆಸದೆ, ಕಚ್ಚಿದ ಕಾಲನ್ನು ಅಳತೆಪಟ್ಟಿಯೋ ರಟ್ಟೋ ಇಟ್ಟು ಅಲುಗದಂತೆ ಸಡಿಲವಾಗಿ ಕಟ್ಟಿ ಹೊರಡಿ. ಹಗ್ಗ ಬಿಗಿಯುವುದು, ಕೊಯ್ಯುವುದು, ಹೀರುವುದು, ನಾಟಿ ಮದ್ದಿನವರ ಮನೆ, ಯಾವುದೂ ಬೇಡ. ಹಾವನ್ನು ಹಿಡಿದು ತರುವ ಸಾಹಸವೂ ಬೇಡ. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದೆ. ನಿಮ್ಮ ಶಾಲೆಗೆ ಹತ್ತಿರದಲ್ಲಿ ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆ ಯಾವುದು ಎಂದು ಇಂದೇ ಕೇಳಿ ಗೋಡೆಯ ಮೇಲೆ ಬರೆಸಿಡಿ.

ಒಂದು ದಿನದ ತರಬೇತಿ ಸಾಕೇ ಎಂದಿರಿ. ಅದು ಎಂಥ ದಿನ ಎಂಬುದರ ಮೇಲಿದೆ. ಸಭಾಂಗಣದಲ್ಲಿ ನೂರಿಪ್ಪತ್ತು ಶಿಕ್ಷಕರು, ವೇದಿಕೆಯ ಮೇಲೆ ಒಂದು ಗೊಂಬೆ, ಎರಡು ಗಂಟೆ ಪರದೆಯ ಮೇಲಿನ ಚಿತ್ರಗಳು, ಊಟ, ಪ್ರಮಾಣಪತ್ರ, ಗುಂಪು ಫೋಟೋ. ಇಂಥ ಕಡೆ ನಾನೂ ಹೋಗಿ ಮಾತಾಡಿ ಬಂದಿದ್ದೇನೆ, ಸಂಜೆ ಮನೆಗೆ ಬರುವಾಗ ನಾಚಿಕೆಯಾಗಿದೆ. ಈಜುವುದನ್ನು ಭಾಷಣದಲ್ಲಿ ಕಲಿತವರಿಲ್ಲ. ಒಂದು ಗೊಂಬೆಗೆ ಆರರಿಂದ ಎಂಟು ಜನ ಇರಬೇಕು, ಪ್ರತಿಯೊಬ್ಬರೂ ಎರಡು ನಿಮಿಷ ಒತ್ತಿ ಸುಸ್ತಾಗಬೇಕು. ನಿಮ್ಮನ್ನು ಕಳುಹಿಸುವವರನ್ನು ಈ ಒಂದು ಪ್ರಶ್ನೆ ಕೇಳಿ: ಗೊಂಬೆ ಎಷ್ಟು?

ಇನ್ನೊಂದು ಮಾತು. ಚೆನ್ನಾಗಿ ಕಲಿತದ್ದೂ ಮೂರರಿಂದ ಆರು ತಿಂಗಳಲ್ಲಿ ಕೈಯಿಂದ ಜಾರತೊಡಗುತ್ತದೆ. ವರ್ಷಕ್ಕೊಮ್ಮೆ ಒಂದು ದಿನಕ್ಕಿಂತ ಮೂರು ತಿಂಗಳಿಗೊಮ್ಮೆ ಹದಿನೈದು ನಿಮಿಷ ಮೇಲು. ಅದಕ್ಕೆ ದುಬಾರಿ ಗೊಂಬೆ ಬೇಕಿಲ್ಲ. ಹಳೆಯ ಶಾಲಾ ಚೀಲಕ್ಕೆ ಬಟ್ಟೆ ತುಂಬಿ, ನಡುವೆ ಮುಚ್ಚಳ ಬಿಗಿದ ಅರ್ಧ ಲೀಟರಿನ ಖಾಲಿ ನೀರಿನ ಬಾಟಲಿ ಅಡ್ಡಲಾಗಿ ಇಡಿ. ಒತ್ತಿದರೆ ಚಪ್ಪಟೆಯಾಗಿ, ಬಿಟ್ಟರೆ ಮತ್ತೆ ಉಬ್ಬುತ್ತದೆ. ಕೈಗೆ ಅಭ್ಯಾಸ ಹತ್ತಲು ಅಷ್ಟು ಸಾಕು. ಅಸಲಿ ಗೊಂಬೆಗೆ ಒಂದು ಕಥೆಯಿದೆ: 1960ರ ಸುಮಾರಿಗೆ ನಾರ್ವೆಯ ಆಟಿಕೆ ತಯಾರಕ ಆಸ್ಮುಂಡ್ ಲೆರ್ಡಾಲ್ ಅದನ್ನು ರೂಪಿಸಿದಾಗ, ಪ್ಯಾರಿಸ್ಸಿನ ಸೆನ್ ನದಿಯಲ್ಲಿ ಮುಳುಗಿ ಸತ್ತಳೆನ್ನಲಾದ ಅನಾಮಿಕ ಹುಡುಗಿಯೊಬ್ಬಳ ಮುಖದ ಅಚ್ಚನ್ನು ಅದಕ್ಕೆ ಕೊಟ್ಟ. ಯಾರೂ ಉಳಿಸದ ಆ ಮುಖದ ಮೇಲೆ ಜಗತ್ತು ಉಳಿಸುವುದನ್ನು ಕಲಿಯುತ್ತಿದೆ. ಈ ಕಥೆ ಹೇಳಿದರೆ ತರಗತಿ ಗಪ್‌ಚಿಪ್ ಆಗುತ್ತದೆ, ಆದ್ದರಿಂದ ಊಟದ ನಂತರದ ಅವಧಿಗೆ ಇಟ್ಟುಕೊಂಡಿರುತ್ತೇನೆ.

ಇಬ್ಬರು ಸಾಕೇ? ಸಾಲದು. ಚುನಾವಣೆ, ಗಣತಿ, ಸಮೀಕ್ಷೆ, ಮೌಲ್ಯಮಾಪನ ಎಂದು ಆ ಇಬ್ಬರೂ ಒಒಡಿಯಲ್ಲಿರುವ (ಶಾಲೆಯ ಹೊರಗಿನ ಸರ್ಕಾರಿ ಕೆಲಸದಲ್ಲಿರುವ) ದಿನವೇ ಮಗು ಬೀಳುತ್ತದೆ. ಅಡುಗೆಯವರಿಗೂ ಕಲಿಸಿ. ಶಾಲೆಯಲ್ಲಿ ಎಂದೂ ರಜೆ ಹಾಕದವರು ಅವರೇ. ಒಂಬತ್ತು, ಹತ್ತನೆಯ ತರಗತಿಯವರಿಗೂ ಕಲಿಸಿ. ಹನ್ನೆರಡು ವರ್ಷದಿಂದ ವರ್ಷಕ್ಕೆ ಎರಡು ಗಂಟೆ ಸಿಪಿಆರ್ ಕಲಿಸಬೇಕೆಂಬ ಕರೆಗೆ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಬೆಂಬಲ ಕೊಟ್ಟಿದೆ. ಡೆನ್ಮಾರ್ಕ್ 2005ರಲ್ಲಿ ಶಾಲೆಗಳಲ್ಲಿ ಇದನ್ನು ಕಡ್ಡಾಯ ಮಾಡಿತು, ವಾಹನ ಪರವಾನಗಿಗೂ ಜೋಡಿಸಿತು. ಆಸ್ಪತ್ರೆಯ ಹೊರಗೆ ಹೃದಯ ನಿಂತವರಿಗೆ ಸುತ್ತಲಿನವರಿಂದ ಸಿಪಿಆರ್ ಸಿಗುವ ಪ್ರಮಾಣ ಅಲ್ಲಿ 2001ರಲ್ಲಿ ಶೇ 21 ಇದ್ದದ್ದು 2010ರ ಹೊತ್ತಿಗೆ ಶೇ 45ಕ್ಕೆ ಏರಿತು. ಮೂವತ್ತು ದಿನ ದಾಟಿ ಬದುಕಿದವರು ಶೇ 3.5ರಿಂದ 10.8ಕ್ಕೆ ಏರಿದರು. ಇದಕ್ಕೆ ಬೇರೆ ಕಾರಣಗಳೂ ಕೂಡಿವೆ, ಆದರೆ ಶಾಲೆಯ ಪಾಲು ಸಣ್ಣದಲ್ಲ.

ಹೊಣೆಯ ಪ್ರಶ್ನೆ. ನಾನು ವಕೀಲಿ ಓದಿದವರಲ್ಲ, ಆದರೂ ತರಗತಿಯಲ್ಲಿ ಪ್ರತಿ ಸಲ ಕೇಳುವುದರಿಂದ ತಿಳಿದುಕೊಂಡಿದ್ದೇನೆ. ಒಪ್ಪಿಗೆ ಕೊಡಲು ಆಗದ ಸ್ಥಿತಿಯಲ್ಲಿರುವವರ ಒಳಿತಿಗಾಗಿ ಸದ್ಭಾವನೆಯಿಂದ ಮಾಡಿದ ಕೆಲಸ ಅಪರಾಧವಲ್ಲ ಎಂದು ಹಳೆಯ ದಂಡ ಸಂಹಿತೆಯ 92ನೆಯ ಸೆಕ್ಷನ್ ಹೇಳುತ್ತಿತ್ತು. ಈಗ ಅದೇ ಮಾತು ಭಾರತೀಯ ನ್ಯಾಯ ಸಂಹಿತೆಯ 30ನೆಯ ಸೆಕ್ಷನ್ನಿನಲ್ಲಿದೆ. ರಸ್ತೆ ಅಪಘಾತದಲ್ಲಿ ನೆರವಾದವರಿಗೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರತ್ಯೇಕ ರಕ್ಷಣೆ ಕೊಟ್ಟಿದೆ. ಮೂಳೆಯ ಮಾತು ಹೇಳುವುದಾದರೆ, ವಯಸ್ಸಾದವರಲ್ಲಿ ಪಕ್ಕೆಲುಬು ಮುರಿಯುವುದು ಸಾಮಾನ್ಯ. ಮಕ್ಕಳ ಎಲುಬು ಬಳುಕುತ್ತದೆ, ಮುರಿಯುವುದು ಅಪರೂಪ. ಮುರಿದರೂ ಆರು ವಾರದಲ್ಲಿ ಕೂಡಿಕೊಳ್ಳುತ್ತದೆ.

ಹುಡುಗಿ ಬಿದ್ದಾಗ ಮೇಷ್ಟ್ರು ಏನು ಮಾಡಬೇಕು? ಒತ್ತಬೇಕು. ಬಟ್ಟೆಯ ಮೇಲೆಯೇ ಒತ್ತಬಹುದು. ಹೆಂಗಸರಿಗೆ ಸಾರ್ವಜನಿಕ ಸ್ಥಳದಲ್ಲಿ ಸಿಪಿಆರ್ ಸಿಗುವುದು ಗಂಡಸರಿಗಿಂತ ಕಡಿಮೆ ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ, ಹಿಂಜರಿಕೆ ನಮ್ಮಲ್ಲಿ ಮಾತ್ರ ಇರುವುದಲ್ಲ. ಇದನ್ನು ಆ ಕ್ಷಣಕ್ಕೆ ಬಿಡಬೇಡಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ, ಹೆತ್ತವರ ಮುಂದೆ, ಚೀಲದ ಗೊಂಬೆಯ ಮೇಲೆ ಒಬ್ಬ ಮೇಷ್ಟ್ರು, ಒಬ್ಬ ಟೀಚರು ಮಾಡಿ ತೋರಿಸಲಿ. ‘ನಿಮ್ಮ ಮಗಳು ಬಿದ್ದರೆ ನಾವು ಹೀಗೆ ಮಾಡುತ್ತೇವೆ’ ಎಂದು ಹೇಳಿಬಿಡಿ. ನಾನು ಕಂಡಂತೆ ಆಕ್ಷೇಪ ಬರುವುದಿಲ್ಲ. ‘ನನಗೂ ಕಲಿಸಿ’ ಎಂದು ಎದ್ದು ಬರುವ ತಾಯಂದಿರು ಇರುತ್ತಾರೆ.

ಯಂತ್ರದ ಬಗ್ಗೆ ನೀವು ಕೇಳಿಲ್ಲ, ಆದರೆ ದಾನಿಗಳು ಕೇಳುತ್ತಾರೆ. ಎಇಡಿ, ಅಂದರೆ ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಪೆಟ್ಟಿಗೆ, ಒಳ್ಳೆಯ ಯಂತ್ರ. ಪಟ್ಟಿ ಅಂಟಿಸಿದರೆ ತಾನೇ ಹೃದಯ ಓದಿ, ಆಘಾತ ಬೇಕೋ ಬೇಡವೋ ಹೇಳುತ್ತದೆ. ಕ್ರಿಕೆಟ್ ಚೆಂಡು ಎದೆಗೆ ಬಡಿದು ಹೃದಯ ತಾಳ ತಪ್ಪಿದ ಹುಡುಗನನ್ನು ಉಳಿಸುವುದು ಮುಖ್ಯವಾಗಿ ಅದೇ. ಆದರೆ ಒತ್ತುವ ಕೈಗಳಿಲ್ಲದ ಶಾಲೆಯಲ್ಲಿ ಅದು ಬೀರುವಿನ ಅಲಂಕಾರ. ಒಂದು ಶಾಲೆಯಲ್ಲಿ ಪ್ರಥಮ ಚಿಕಿತ್ಸೆ ಪೆಟ್ಟಿಗೆ ತೋರಿಸಿ ಎಂದೆ. ಕೀಲಿ ಮುಖ್ಯೋಪಾಧ್ಯಾಯರ ಬಳಿ, ಅವರು ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಯಲ್ಲಿ. ಸಂಜೆ ತೆಗೆದಾಗ ಸಿಕ್ಕದ್ದು ತುಕ್ಕು ಹಿಡಿದ ಕತ್ತರಿ, ಅವಧಿ ಮೀರಿದ ಜ್ವರದ ಮಾತ್ರೆ, ಒಣಗಿದ ಮುಲಾಮು ಮತ್ತು ಒಂದು ಹಲ್ಲಿಮೊಟ್ಟೆ. ಮೊದಲು ಆ ಕೀಲಿ ತೆಗೆದು ಬಿಸಾಡಿ.

ನೀವು ಮುಂದಿನ ವಾರವೇ ಮಾಡಬಹುದಾದದ್ದು ಹೀಗಿದೆ. ಶಾಲೆಯ ಗಂಟೆಯನ್ನು ಎಡೆಬಿಡದೆ ಬಾರಿಸಿದರೆ ತುರ್ತು ಎಂದು ಗೊತ್ತುಮಾಡಿ. ಗಂಟೆ ಕೇಳಿದೊಡನೆ ಒಬ್ಬರು ಎದೆ ಒತ್ತಲು, ಇನ್ನೊಬ್ಬರು ಅವರಿಗೆ ಬದಲಿಯಾಗಲು, ಮತ್ತೊಬ್ಬರು ಫೋನನ್ನು ಸ್ಪೀಕರಿಗೆ ಹಾಕಿ 108ಕ್ಕೆ ಕರೆ ಮಾಡಿ ಊರು, ದಾರಿ, ಗುರುತು ಹೇಳಲು, ಮಗದೊಬ್ಬರು ಗೇಟಿನ ಬಳಿ ನಿಂತು ಆಂಬುಲೆನ್ಸಿಗೆ ಕೈ ಮಾಡಲು. ಯಾರು ಯಾವುದಕ್ಕೆ ಎಂದು ವೇಳಾಪಟ್ಟಿಯ ಪಕ್ಕದಲ್ಲೇ ಅಂಟಿಸಿ.

ಕೊನೆಗೆ ಆ ಹುಡುಗಿಯ ವಿಷಯ. ಅವಳು ತಿಂಡಿ ತಿನ್ನದೆ ಬರುವುದು ಆ ಒಂದು ದಿನದ ಮಾತಾಗಿರಲಾರದು, ಅವಳೊಬ್ಬಳ ಮಾತೂ ಆಗಿರಲಾರದು. ಕ್ಷೀರಭಾಗ್ಯದ ಹಾಲನ್ನು ನಿಮ್ಮಲ್ಲಿ ಪ್ರಾರ್ಥನೆ ಮುಗಿದ ಮೇಲೆ ಕೊಡುತ್ತಿದ್ದರೆ, ಮುಖ್ಯೋಪಾಧ್ಯಾಯರನ್ನು ಕೇಳಿ ಪ್ರಾರ್ಥನೆಗೆ ಮೊದಲೇ ಕೊಡಿಸಲು ನೋಡಿ. ಸಾಲಾಗಿ ನಿಲ್ಲಿಸುವುದು ನೆರಳಿದ್ದ ಕಡೆ ಆಗಲಿ.